ಇಪ್ಪತ್ತೆರಡು ನಿಲುವಂಗಿ, ಚಾಚಾರ ಒಂದು ವಸ್ತ್ರ

ಅಳತೆ ತೆಗೆಯುವಾಗ ಮೈಮೇಲಿನ ಸ್ವೆಟರ್ ಬಿಚ್ಚಿಸಬೇಕು. ಹೊಲಿಗೆ ಕಲಿಯಲು ಬಂದವರಿಗೆ ಮೊದಲ ವಾರದಲ್ಲೇ ನಾನು ಹೇಳಿಕೊಡುವ ಮಾತಿದು. ಆ ಸಂಜೆ ಮಾತ್ರ ಅದು ನನಗೇ ನೆನಪಾಗಲಿಲ್ಲ. ಮುಂದೆ ಪಟ್ಟ ಪಾಡಿಗೆಲ್ಲ ಮೂಲ ಅದೇ.

ಡಿಸೆಂಬರ್ ಮೊದಲ ವಾರ. ಹುಮನಾಬಾದಿನ ಚರ್ಚಿನ ಸ್ತ್ರೀ ಸಮಾಜದ ಅಧ್ಯಕ್ಷೆ ಫೋನು ಮಾಡಿದರು. ಹುಮನಾಬಾದ್ ನನ್ನ ತವರು. ಮದುವೆಯಾಗಿ ಬಸವಕಲ್ಯಾಣಕ್ಕೆ ಬಂದು, ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದರೂ ಕ್ರಿಸ್ಮಸ್ಸಿಗೆ ನಾನು ಹೋಗುವುದು ಆ ಚರ್ಚಿಗೇ.

"ಈ ಸಲ ಹಾಡೋರಿಗೆಲ್ಲ ನಿಲುವಂಗಿ ಹೊಲಸ್ಬೇಕಂತ ಮಾಡೀವಿ. ಇಪ್ಪತ್ತೆರಡು ಮಂದಿ ಇದ್ದಾರ. ಬಿಳೇದು, ಕೆಂಪು ಕಾಲರು. ನೀ ಹೂಂ ಅಂದ್ರ ನಿನಗ, ಇಲ್ಲಾಂದ್ರ ಬೀದರ್‌ಕ ಕೊಡ್ತೀವಿ ನೋಡು" ಅಂದರು.

ನಾನು ಹೂಂ ಅಂದದ್ದು ಭಕ್ತಿಯಿಂದಲ್ಲ. ಬೀದರಿನ ಹೆಸರು ತೆಗೆದರಲ್ಲ, ಅದಕ್ಕೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಟೇಲರಿಗೆ ಹಬ್ಬ ಇರುವುದಿಲ್ಲ, ಹಬ್ಬದ ಗಡುವು ಮಾತ್ರ ಇರುತ್ತದೆ. ಊರವರ ಬಟ್ಟೆಯೆಲ್ಲ ಹೊಲಿದು ಕೊಟ್ಟು, ಕ್ರಿಸ್ಮಸ್ ಬೆಳಿಗ್ಗೆ ಬೆಂಚಿಗೆ ಬೆನ್ನು ತಾಗಿಸಿದರೆ ನನಗೆ ನಿದ್ದೆ. ಎಷ್ಟೋ ವರ್ಷಗಳಿಂದ ಸಭಾಪಾಲಕರು ಆ ದಿನ ಮಾಡುವ ಪ್ರಸಂಗವನ್ನು ಪೂರ್ತಿ ಕೇಳಿದ್ದೇ ಇಲ್ಲ. ಚಿಕ್ಕವಳಿದ್ದಾಗ ಕಾಗದದ ನಕ್ಷತ್ರದೊಳಗೆ ಬಲ್ಬು ಹತ್ತಿದರೆ ಸಾಕು, ಕುಣಿಯುತ್ತಿದ್ದೆ. ಈಗ ಆ ನಕ್ಷತ್ರ ಕಂಡರೆ ಇನ್ನೆಷ್ಟು ಬ್ಲೌಸು ಬಾಕಿ ಎಂದು ಲೆಕ್ಕ ಹಾಕುತ್ತೇನೆ. ದೇವರು ನಿಮ್ಮನ್ನು ಪ್ರೀತಿಸುತ್ತಾನೆ ಎಂದು ಸಭಾಪಾಲಕರು ಹೇಳಿದರೆ, ಪ್ರೀತಿಸಲಿ, ಜೊತೆಗೆ ಸ್ವಲ್ಪ ಕರೆಂಟೂ ಕೊಡಲಿ ಅನ್ನಿಸುತ್ತಿತ್ತು. ಹಾಗಾಗಿ ಈ ಸಲ ಒಂದು ಪಣ ತೊಟ್ಟೆ. ಏನೇ ಆಗಲಿ ಇಪ್ಪತ್ತಮೂರಕ್ಕೆ ಕೆಲಸ ಮುಗಿಸುವುದು, ಎರಡು ರಾತ್ರಿ ಚೆನ್ನಾಗಿ ಮಲಗುವುದು, ಕ್ರಿಸ್ಮಸ್ ಆರಾಧನೆಯಲ್ಲಿ ಎಚ್ಚರವಾಗಿ ಕೂರುವುದು. ಆ ಹಳೆಯ ಸಂತೋಷ ನನ್ನೊಳಗೆ ಇನ್ನೂ ಇದೆಯೋ, ಇಲ್ಲ ಸತ್ತೇ ಹೋಗಿದೆಯೋ, ನೋಡಿಬಿಡಬೇಕಿತ್ತು.

ಅಳತೆಗೆ ಹುಮನಾಬಾದಿಗೆ ಹೋದದ್ದು ಸಂಜೆ, ಹಾಡಿನ ಅಭ್ಯಾಸದ ಹೊತ್ತಿಗೆ. ಆ ವಾರ ನಮ್ಮ ಕಡೆ ಚಳಿ ಹಲ್ಲು ಕಟಕಟಿಸುವಂತಿತ್ತು. ಚರ್ಚಿನ ಕಿಟಕಿಗೆ ಗಾಜಿಲ್ಲ. ಒಬ್ಬೊಬ್ಬರನ್ನೇ ಕರೆದು ಟೇಪು ಹಿಡಿದೆ. ಎದೆ, ಭುಜ, ಕುತ್ತಿಗೆ, ತೋಳು, ಉದ್ದ. ಹಾಡುವವರು ಹಾಡುತ್ತಲೇ ಇದ್ದರು, ತಬಲಾದವನು ಬಾರಿಸುತ್ತಲೇ ಇದ್ದ. ಎದೆಯ ಅಳತೆ ಬರೆದುಕೊಂಡು ತಿರುಗಿದರೆ ಕುತ್ತಿಗೆ ಅಳೆಯಬೇಕಾದವಳು ತನ್ನ ಸಾಲು ಬಂತೆಂದು ಓಡಿಹೋಗಿರುತ್ತಿದ್ದಳು. ಕೊನೆಯ ಬಸ್ಸು ತಪ್ಪೀತೆಂಬ ಗಡಿಬಿಡಿಯಲ್ಲಿ ಹೇಗೋ ಮುಗಿಸಿ ಓಡಿದೆ. ಅವರೆಲ್ಲ ಸ್ವೆಟರು, ಮೇಲೊಂದು ಶಾಲು, ಕೆಲವರು ಎರಡೆರಡು ಸ್ವೆಟರು ಹಾಕಿಕೊಂಡಿದ್ದರು ಎಂಬುದು ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ಬಿಳಿ ಪಾಪ್ಲಿನ್ ಥಾನುಗಳನ್ನು ನೀರಲ್ಲಿ ನೆನೆಸಿ, ಮಾಳಿಗೆ ಮೇಲೆ ಒಣಗಿಸಿ, ಇಸ್ತ್ರಿ ಮಾಡಿದೆ. ಇಲ್ಲವಾದರೆ ಮೊದಲ ತೊಳೆತಕ್ಕೇ ಕುಗ್ಗಿ ಮೊಳಕಾಲಿಗೆ ಬರುತ್ತದೆ. ಆಮೇಲೆ ನಾಲ್ಕು ಪದರ ಮಡಚಿ, ಸೀಮೆಸುಣ್ಣದಿಂದ ಗುರುತು ಹಾಕಿ ಕತ್ತರಿಸಿದೆ. ಅರ್ಧ ಕತ್ತರಿಸಿದಾಗ ಅಧ್ಯಕ್ಷೆಯ ಫೋನು. ತೋಳು ಕೆಳಗೆ ಅಗಲವಾಗಿರಲಿ, ಟೀವಿಯಲ್ಲಿ ನೋಡಿದ್ದು ಹಾಗೇ ಇತ್ತು. ಮರುದಿನ ಮತ್ತೆ ಫೋನು. ಕಾಲರು ಕೆಂಪಲ್ಲ, ಮರೂನು. ಅದರ ಮರುದಿನ, ಮರೂನು ಸೂತಕದ ಬಣ್ಣದ ಹಾಗೆ ಕಾಣುತ್ತದೆಂದು ಯಾರೋ ಹೇಳಿದರಂತೆ, ಕೆಂಪೇ ಇರಲಿ. ನಾನು ಫೋನನ್ನು ಬಟ್ಟೆಯ ರಾಶಿಯ ಅಡಿಗೆ ತುರುಕಿದೆ. ಅಲ್ಲಿಂದಲೂ ಅದು ಗುಂಯ್‌ಗುಟ್ಟುತ್ತಿತ್ತು.

ಕಾಜಾ ಹಾಕಲು ಚಾಚಾ ಬರುತ್ತಿದ್ದರು. ಬಸವಕಲ್ಯಾಣದ ಹೊಲಿಗೆಯವರೆಲ್ಲ ಅವರನ್ನು ಕಾಜಾ ಚಾಚಾ ಎಂದೇ ಕರೆಯುವುದು. ಎಪ್ಪತ್ತು ದಾಟಿದ ಜೀವ. ಗುಂಡಿ ತೂರಿಸುವ ತೂತಿನ ಸುತ್ತ ಕೈಯಿಂದ ದಾರ ಸುತ್ತಿ ಅವರು ಹಾಕಿದ ಕಾಜಾ, ಅಂಗಿ ಹರಿದರೂ ಹರಿಯುವುದಿಲ್ಲ. ಬಂದ ಕೂಡಲೇ ಹೆಗಲ ಮೇಲಿನ ಚೌಕಳಿ ವಸ್ತ್ರ ತೆಗೆದು ತೊಡೆಯ ಮೇಲೆ ಹಾಸಿಕೊಳ್ಳುತ್ತಿದ್ದರು, ಬಿಳಿ ಬಟ್ಟೆಗೆ ಕಲೆ ತಾಗಬಾರದೆಂದು. ಎಷ್ಟು ವರ್ಷದ ವಸ್ತ್ರವೋ, ಹಸಿರು ಗೆರೆ ಎಲ್ಲಿ, ನೀಲಿ ಗೆರೆ ಎಲ್ಲಿ ಎಂದು ಹುಡುಕಬೇಕಿತ್ತು. ಸಂಜೆ ಹೋಗುವ ಮುಂಚೆ ನನ್ನ ನಲ್ಲಿಯ ಕೆಳಗೆ ಅದನ್ನು ತಾವೇ ಸೋಪು ಹಾಕಿ ಒಗೆದು, ಹಿಂಡಿ, ಮನೆಗೆ ಒಯ್ಯುವರು. ನಾನು ಒಗೆಯುತ್ತೇನೆ ಕೊಡಿ ಎಂದರೆ ಕೊಡುತ್ತಿರಲಿಲ್ಲ.

ಮೂರನೇ ಭಾನುವಾರ ಆರಾಧನೆ ಮುಗಿದ ಮೇಲೆ, ಮಧ್ಯಾಹ್ನದ ಬಿಸಿಲಲ್ಲಿ, ಟ್ರಯಲ್. ಬಿಸಿಲಿಗೆ ಯಾರ ಮೈಮೇಲೂ ಸ್ವೆಟರಿಲ್ಲ. ಮೊದಲನೆಯವಳು ನಿಲುವಂಗಿ ತೊಟ್ಟು ತಿರುಗಿದಾಗ ಕಾಲರು ಜಾರಿ ಭುಜಕ್ಕೆ ಬಂತು. ಎರಡನೆಯವಳದೂ ಹಾಗೇ. ಮೂರನೆಯ ಹುಡುಗ ಎರಡೂ ಕೈ ಅಗಲಿಸಿ ನಿಂತು, "ಅಕ್ಕಾ, ಇದರಾಗ ನಮ್ಮಪ್ಪನೂ ಹಿಡಿತಾನಲ್ರಿ" ಅಂದ. ಎಲ್ಲರೂ ನಕ್ಕರು. ನನಗೆ ಆಗ ಹೊಳೆಯಿತು. ನಾನು ಅಳತೆ ತೆಗೆದದ್ದು ಹುಮನಾಬಾದಿನ ಸ್ವೆಟರುಗಳದ್ದು, ಮನುಷ್ಯರದ್ದಲ್ಲ.

ಯಾರ ಮೇಲೆ ಕೂಗಾಡಲಿ? ತಪ್ಪು ನನ್ನದೇ. ಆದರೂ ಕೂಗಾಡಿದೆ. ಚಳಿ ಇದ್ದದ್ದಕ್ಕೆ, ಕಿಟಕಿಗೆ ಗಾಜಿಲ್ಲದ್ದಕ್ಕೆ, ತಬಲಾದವನಿಗೆ. ಇಪ್ಪತ್ತೆರಡನ್ನೂ ಟ್ರಂಕಿಗೆ ತುಂಬಿಕೊಂಡು, ಬಸ್ಸಿನಲ್ಲಿ ಅದರ ಮೇಲೇ ಕೂತು, ರಾಜೇಶ್ವರ ದಾಟುವವರೆಗೂ ನನ್ನನ್ನು ನಾನೇ ಬೈದುಕೊಂಡೆ.

ಸಡಿಲವಾದ ನಿಲುವಂಗಿಯನ್ನು ಸರಿ ಮಾಡುವುದು ಹೊಸದು ಹೊಲಿಯುವುದಕ್ಕಿಂತ ಕಷ್ಟ. ಪಕ್ಕದ ಹೊಲಿಗೆ ಒಳಕ್ಕೆ ತೆಗೆದುಕೊಂಡರೆ ಎದೆ ಕೂರುತ್ತದೆ, ಕುತ್ತಿಗೆ ಕೂರುವುದಿಲ್ಲ. ಕಾಲರು ಬಿಚ್ಚಬೇಕು, ಭುಜದ ಹೊಲಿಗೆ ಬಿಚ್ಚಿ ಅರ್ಧ ಇಂಚು ಒಳಗೆ ಒಯ್ಯಬೇಕು, ಕಾಲರನ್ನು ಕತ್ತರಿಸಿ ಮತ್ತೆ ಕೂರಿಸಬೇಕು. ಬಿಚ್ಚಿದ ಕಡೆ ಸೂಜಿಯ ತೂತು ಕಾಣದ ಹಾಗೆ ಒದ್ದೆ ಬಟ್ಟೆ ಒತ್ತಿ ಇಸ್ತ್ರಿ ತಿಕ್ಕಬೇಕು. ಕಾಲರಿನಲ್ಲಿದ್ದ ಮೇಲಿನ ಕಾಜಾ ಹೋಯಿತು. ಅಂದರೆ ಚಾಚಾ ಇಪ್ಪತ್ತೆರಡು ಕಾಜಾ ಹೊಸದಾಗಿ ಹಾಕಬೇಕು. ಅವರ ಮುಂದೆ ಟ್ರಂಕು ತೆರೆದಾಗ ನನಗೆ ಅಳುವೇ ಬಂತು.

ಚಾಚಾ ಒಂದು ನಿಲುವಂಗಿ ಎತ್ತಿ ಬೆಳಕಿಗೆ ಹಿಡಿದರು. "ಬಿಚ್ಚು ಬೇಟಿ. ಕೂತ್ಕೊಂಡು ಬೈಯಾಕತ್ರ ದಾರ ತಾನಾಗೇ ಬಿಚ್ತದೇನು?"

"ನಿಮಗ ಸಿಟ್ಟೇ ಬರಲ್ಲೇನ್ರಿ ಚಾಚಾ?"

"ಬರ್ತದ. ಸೂಜಿ ಹಿಡ್ದಾಗ ಬಂದ್ರ ಬೆರಳಿಗೇ ಚುಚ್ತದ. ಅದಕ್ಕ ಬ್ಯಾಡ ಅಂತ ಬಿಟ್ಟೀನಿ."

ಅವರ ಈ ಶಾಂತಿಯೇ ನನ್ನನ್ನು ಇನ್ನಷ್ಟು ಕೆರಳಿಸುತ್ತಿತ್ತು. ಕೆಲಸ ಮಾತ್ರ ಸಾಗಿತು.

ಹದಿನೈದು ಮುಗಿದಿದ್ದವು. ಅಧ್ಯಕ್ಷೆಯ ಫೋನು ಮತ್ತೆ ಬಂತು. ಕ್ರಿಸ್ಮಸ್ ರೂಪಕದಲ್ಲಿ ಪ್ರತಿ ವರ್ಷ ಗೋದಲಿಯಲ್ಲಿ ಪ್ಲಾಸ್ಟಿಕ್ ಗೊಂಬೆ ಮಲಗಿಸುತ್ತಾರೆ. "ಈ ಸಲ ಖರೇ ಕೂಸೇ ಇಡ್ತೀವಿ. ದುಬಲಗುಂಡಿ ಕಡೀದು, ನಮ್ಮ ಸಭೀದೇ. ಇಪ್ಪತ್ತು ದಿನದ ಕೂಸು. ಅದಕ್ಕೊಂದು ರೇಶ್ಮಿ ಅಂಗಿ ಹೊಲೀಬೇಕು ನೋಡು. ಬಟ್ಟಿ ಕಳಸೀನಿ."

"ನನ್ನ ಕೈಲಿ ಆಗಲ್ರಿ ಅಧ್ಯಕ್ಷಮ್ಮಾ. ಇನ್ನಾ ಏಳು ನಿಲುವಂಗಿ ಅವ."

"ಯೇಸುಸ್ವಾಮಿಗಿ ಆಗಲ್ಲ ಅಂತೀ ಏನು?"

ಮತ್ತೆ ಹೂಂ ಅಂದೆ. ಬಟ್ಟೆ ಬಸ್ಸಿನ ಕಂಡಕ್ಟರನ ಕೈಯಲ್ಲಿ ಬಂತು. ಬಿಚ್ಚಿ ನೋಡಿದರೆ ಕೆಂಪು ರೇಶ್ಮೆ, ಅಂಗೈ ಅಗಲದ ಜರಿ ಅಂಚು. ಅವರ ಮಗಳ ಮದುವೆಯ ಸೀರೆಯನ್ನೇ ಹರಿದು ಕಳಿಸಿದ್ದರು. ಅದನ್ನು ಕಂಡು ಬೈಗಳು ಬಾಯಲ್ಲೇ ಉಳಿಯಿತು. ನೋಟ್‌ಬುಕ್ಕಿನಲ್ಲಿ ಇಪ್ಪತ್ತೆರಡು ಹೆಸರುಗಳ ಕೆಳಗೆ 'ಬಾಲಯೇಸು' ಎಂದು ಬರೆದೆ. ಎದೆ, ಭುಜ, ಕುತ್ತಿಗೆಯ ಮುಂದೆ ಏನೂ ಬರೆಯಲಾಗಲಿಲ್ಲ, ಕೂಸನ್ನು ನಾನು ಕಂಡಿರಲಿಲ್ಲ. ಅಂದಾಜಿನ ಮೇಲೆ ಕತ್ತರಿಸಿದೆ. ಗುಂಡಿ ಬೇಡ, ಚುಚ್ಚುತ್ತದೆ, ಪಕ್ಕಕ್ಕೆ ಕಟ್ಟುವ ಲಾಡಿ ಇಟ್ಟೆ. ಜರಿಯ ಒಳಗೆ ಮೆತ್ತನೆಯ ಮಲ್ಲಿನ ಅಸ್ತರು ಕೊಟ್ಟೆ. ಮೊದಲ ಸಲ ಅಸ್ತರು ದೊಡ್ಡದಾಗಿ ಮುದುಡಿತು. ಬಿಚ್ಚಿದೆ. ಎರಡನೇ ಸಲ ಜರಿ ಎಳೆ ಎದ್ದಿತು. ಬಿಚ್ಚಿದೆ. ಇಪ್ಪತ್ತಮೂರನೇ ತಾರೀಖು ಹಾಗೇ ಕಳೆಯಿತು. ನನ್ನ ಪಣವೂ ಅದರ ಜೊತೆಗೆ ಹೋಯಿತು.

ಇಪ್ಪತ್ತನಾಲ್ಕರ ಮಧ್ಯಾಹ್ನ ಟ್ರಂಕು ಹೊತ್ತು ಚರ್ಚಿಗೆ ಬಂದೆ. ಚಾಚಾರೂ ಬಂದಿದ್ದರು. ಎರಡು ನಿಲುವಂಗಿಗಳ ಗುಂಡಿ ಬಾಕಿ ಇತ್ತು, ಅಲ್ಲೇ ಕೂತು ಹಾಕುತ್ತೇನೆ ಎಂದಿದ್ದರು. ಈ ಸಲ ನಾನು ಬಾಗಿಲಲ್ಲೇ ನಿಂತು ಎಲ್ಲರ ಸ್ವೆಟರು ಬಿಚ್ಚಿಸಿದೆ. ಇಪ್ಪತ್ತೂ ಕೂತವು. ಕಾಲರುಗಳು ಕುತ್ತಿಗೆಯ ಸುತ್ತ ನೆಟ್ಟಗೆ ನಿಂತವು. ಅಧ್ಯಕ್ಷೆ ನನ್ನ ಬೆನ್ನು ತಟ್ಟಿದರು. ನನಗೆ ಖುಷಿಯೇನೂ ಆಗಲಿಲ್ಲ. ಕೂರಲು ಒಂದು ಜಾಗ ಸಿಕ್ಕರೆ ಸಾಕಿತ್ತು.

ಆಗ ಕೂಸು ಬಂತು. ಚಿಕ್ಕ ಪ್ರಾಯದ ಬಾಣಂತಿ, ಅವಳ ಜೊತೆ ಅತ್ತೆ, ಅಂದರೆ ಕೂಸಿನ ಅಜ್ಜಿ. ಹೊಲದ ಕೂಲಿಗೆ ಹೋಗಿ ಹೋಗಿ ಕಪ್ಪಾದ, ಬೆನ್ನು ಬಾಗದ ಹೆಂಗಸು. ನನ್ನ ಕೈಯಲ್ಲಿದ್ದ ಕೆಂಪು ಅಂಗಿ ಕಂಡ ಕೂಡಲೇ ತಲೆ ಅಲ್ಲಾಡಿಸಿದರು.

"ಹೊಸಾದು ಹಾಕಂಗಿಲ್ರಿ ಯವ್ವಾ. ತಿಂಗಳ ಒಳಗಿನ ಕೂಸದ."

"ಒಂದ್ ತಾಸಿಂದ್ ಮಾತದ ತಾಯಿ" ಅಂದರು ಅಧ್ಯಕ್ಷೆ. "ನನ್ನ ಮಗಳ ಮದಿವಿ ಸೀರಿ ಅದ. ಸ್ವಾಮಿಗಂತ ಕೊಟ್ಟೀನಿ."

ಅಧ್ಯಕ್ಷೆಯ ಮುಖ ನೋಡಿ ಅಜ್ಜಿ ಒಪ್ಪಿದರು. ನಾನು ಅಂಗಿ ತೊಡಿಸಿದೆ. ಲಾಡಿ ಕಟ್ಟುವಷ್ಟರಲ್ಲಿ ಕೂಸು ಕಿರುಚಿತು. ಅಂಥ ಪುಟ್ಟ ದೇಹದಲ್ಲಿ ಅಷ್ಟು ದೊಡ್ಡ ದನಿ ಎಲ್ಲಿತ್ತೋ. ಬಿಚ್ಚಿ ನೋಡಿದರೆ ಕುತ್ತಿಗೆಯ ಸುತ್ತ ಕೆಂಪು ಗೆರೆ. ಅಸ್ತರು ಕುತ್ತಿಗೆಯ ಅಂಚಿನವರೆಗೆ ಬಂದಿರಲಿಲ್ಲ, ಒಂದು ಎಳೆ ಜರಿ ತಾಗಿತ್ತು. ಅಜ್ಜಿ ಕೂಸನ್ನು ಕಸಿದುಕೊಂಡಂತೆ ಎತ್ತಿಕೊಂಡರು.

"ನಮ್ಮ ಕೂಸು ಬ್ಯಾಡ್ರಿ. ನಿಮ್ಮ ಗೊಂಬೀನೇ ಮಲಗಸ್ರಿ. ನಡಿ ಯವ್ವಾ, ದುಬಲಗುಂಡಿ ಬಸ್ಸಿಗಿ ಹೊತ್ತಾತು."

ಸೊಸೆಯ ಕಣ್ಣಲ್ಲಿ ನೀರು. ತನ್ನ ಮಗು ಗೋದಲಿಯಲ್ಲಿ ಮಲಗುತ್ತದೆಂದು ಅವಳು ಎಷ್ಟು ಆಸೆಪಟ್ಟಿದ್ದಳೋ. ಅಧ್ಯಕ್ಷೆ ನನ್ನ ಕಡೆ ತಿರುಗಿ, "ಕುತ್ಗಿ ಅಷ್ಟೇ ಬಿಚ್ಚಿ ಹೊಲಿ. ಅರ್ಧಾ ತಾಸಿನ ಕೆಲಸ" ಅಂದರು.

ಅರ್ಧ ತಾಸು! ಆ ಮಾತಿಗೆ ನನ್ನೊಳಗೆ ಏನೋ ಹರಿಯಿತು. ಮೂರು ವಾರದಿಂದ ಬಿಚ್ಚಿದ್ದು, ಹೊಲಿದದ್ದು, ಮತ್ತೆ ಬಿಚ್ಚಿದ್ದು ಎಲ್ಲ ಒಟ್ಟಿಗೇ ನೆನಪಾಯಿತು. "ನಾ ಇನ್ನ ಒಂದು ಹೊಲಿಗೀನೂ ಹಾಕಲ್ಲ" ಅಂದೆ, ಎಲ್ಲರಿಗೂ ಕೇಳುವ ಹಾಗೆ. ಕತ್ತರಿಯನ್ನು ಟ್ರಂಕಿಗೆ ಎಸೆದೆ. ಆಮೇಲೆ ಬಾಗಿಲ ಹತ್ತಿರ ಹೋಗಿಬಿಟ್ಟಿದ್ದ ಅಜ್ಜಿಯನ್ನು ತಡೆದು, ಮೂರು ವಾರದಲ್ಲಿ ನಾನು ಯಾರನ್ನೂ ಕೇಳದಿದ್ದ ಮಾತು ಕೇಳಿದೆ.

"ಅಮ್ಮಾ, ಮತ್ತ ನೀವ್ ಕೂಸಿಗಿ ಏನ್ ಹಾಕ್ತೀರಿ?"

ಅವರು ನಿಂತರು. "ಹಳೇ ಅರಬಿ ಹಾಕ್ತೀವಿ. ಮುದುಕರು ಉಟ್ಟು, ಹೊದ್ದು, ಮೆತ್ತಗ ಆಗಿರಬೇಕದು. ಮೊಮ್ಮಕ್ಕಳ ಕಂಡೋರ ಕಡೀಲಿಂದ ಬೇಡ್ಕೊಂಡು ತರ್ತೀವಿ. ಅವರ ಆಯುಷ್ಯ ಕೂಸಿಗಿ ಬರಲಿ ಅಂತ. ಹೊಲಿಗಿ ಇರಬಾರ್ದು, ಒತ್ತತದ." ಹೀಗೆ ಹೇಳುತ್ತಲೇ ಅವರ ಕಣ್ಣು ಬಾಗಿಲ ಬಳಿ ಗುಂಡಿ ಹಾಕುತ್ತ ಕೂತಿದ್ದ ಚಾಚಾರ ತೊಡೆಯ ಮೇಲೆ ನಿಂತಿತು. ಹತ್ತಿರ ಹೋಗಿ, ಕೇಳದೆಯೇ, ವಸ್ತ್ರದ ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. "ಇಂಥಾದು ನೋಡ್ರಿ. ಮುತ್ಯಾ, ನಿಮಗ ಮೊಮ್ಮಕ್ಕಳೆಷ್ಟು?"

"ಹನ್ನೊಂದು ಅವರಿ" ಅಂದರು ಚಾಚಾ, ಏನೂ ಅರ್ಥವಾಗದೆ.

"ಇದು ಕೊಡ್ತೀರೇನು ಕೂಸಿಗಿ?"

ಚಾಚಾ ಸೂಜಿಯನ್ನು ಬಟ್ಟೆಗೆ ಸಿಕ್ಕಿಸಿದರು. ಅಧ್ಯಕ್ಷೆಯ ಕಡೆ ನೋಡಿದರು, ನನ್ನ ಕಡೆ ನೋಡಿದರು. "ಕೊಡಾಕೇನೂ ಹರ್ಕತ್ ಇಲ್ಲ. ನಿನ್ನಿ ಸಂಜಿಗೇ ಒಗದೀನಿ. ಆದ್ರ ನಂದು... ನಿಮ್ಮ ಗುಡ್ಯಾಗ ನಡೀತದೇನ್ರಿ?"

ಎಲ್ಲರೂ ಅಧ್ಯಕ್ಷೆಯ ಕಡೆ ತಿರುಗಿದರು. ಕೂಸಿನ ಮೈಯಿಂದ ಬಿಚ್ಚಿದ ಕೆಂಪು ಅಂಗಿ ಅವರ ಕೈಯಲ್ಲಿತ್ತು.

ಯೇಸುವಿನ ಜನನದ ಆ ಬೈಬಲ್ ಪಾಠವನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ. ತಾಯಿ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದಳು. ಕುರುಬರಿಗೆ ದೂತ ಹೇಳಿದ ಗುರುತೂ ಅದೇ, ಸುತ್ತಿದ ಬಟ್ಟೆ. ಬಟ್ಟೆಯ ಕಸುಬಿನವಳಾಗಿದ್ದೂ ಆ ಬಟ್ಟೆ ಯಾರದು ಎಂದು ನಾನು ಒಂದು ದಿನವೂ ಕೇಳಿರಲಿಲ್ಲ. ಹೊಲಿದದ್ದು ಎಂದು ಯಾರು ಹೇಳಿದ್ದರು? ತವರಿನಿಂದ ದೂರ, ಪರ ಊರಿನಲ್ಲಿ ಹೆತ್ತ ಹುಡುಗಿ ಅವಳು. ಅವಳದೇ ಸೆರಗೋ, ಪಕ್ಕದ ಮನೆಯ ಯಾವ ಮುದುಕನ ಹೆಗಲಿನದೋ. ಆಕಾಶವನ್ನು ಹಾಸಿದ ದೇವರು, ಯಾರೋ ಹೊದ್ದು ಸವೆಸಿದ ತುಂಡಿನೊಳಗೆ ಮಲಗಲು ಬಂದ. ನೀವು ಸರಿಯಾಗಿ ಹೊಲಿದ ಮೇಲೆ ಬರುತ್ತೇನೆ ಎನ್ನಲಿಲ್ಲ. ಇಷ್ಟು ವರ್ಷ ಅವನಿಗಾಗಿ ಗಡುವಿನೊಳಗೆ ಮುಗಿಸಲು ಒದ್ದಾಡಿದೆನಲ್ಲ, ಅವನು ಗಡುವು ಕೊಟ್ಟವನೇ ಅಲ್ಲ.

"ಅಧ್ಯಕ್ಷಮ್ಮಾ" ಅಂದೆ. "ಅವತ್ತೂ ಯಾರದೋ ಹಳೇ ಅರಬೀನೇ ಇದ್ದಿರಬೇಕ್ರಿ."

ಅವರು ಕೆಂಪು ಅಂಗಿಯನ್ನು ಮಡಚಿ ಬೆಂಚಿನ ಮೇಲಿಟ್ಟರು. ಅವರಿಗೆ ನೋವಾಗಿತ್ತು, ಅದು ನನಗೆ ಕಾಣುತ್ತಿತ್ತು. ಆಮೇಲೆ ನನ್ನ ಟ್ರಂಕಿನಿಂದ ಉಳಿದ ರೇಶ್ಮೆಯ ತುಂಡು ತೆಗೆದರು. ಚಾಚಾರ ಬಳಿ ಹೋಗಿ, ಅವರ ತೊಡೆಯ ಮೇಲಿನ ವಸ್ತ್ರ ಎತ್ತಿ ಅಜ್ಜಿಗೆ ಕೊಟ್ಟು, ಆ ಜಾಗದಲ್ಲಿ ಮಗಳ ಮದುವೆಯ ರೇಶ್ಮೆಯನ್ನು ತಾವೇ ಹಾಸಿದರು. "ಬಿಳೀ ಅಂಗಿಗಿ ಕಲಿ ಆಗಬಾರ್ದು. ಹಾಕ್ರಿ ಗುಂಡಿ" ಅಂದರು.

ಚಾಚಾ ಹೌಹಾರಿದರು. "ಅಯ್ಯಯ್ಯ, ಇಷ್ಟ್ ಭಾರೀ ಬಟ್ಟಿ ಮ್ಯಾಲ ನನ್ನ ಕೈ ನಡೀಬೇಕಲ್ರಿ!"

ಅಜ್ಜಿ ವಸ್ತ್ರವನ್ನು ಹಲ್ಲಲ್ಲಿ ಕಚ್ಚಿ ಎರಡಾಗಿ ಸೀಳಿದರು. ಅಂಚು ಮಡಚಿ ಕೊಡಲೇ ಎಂದು ನನ್ನ ಕೈ ತಾನಾಗಿ ಮುಂದೆ ಹೋಯಿತು. "ಬ್ಯಾಡ್ರಿ, ಏನೂ ಬ್ಯಾಡ" ಅಂದರು. ಒಂದು ತುಂಡು ಅಡಿಗೆ, ಒಂದು ಮೇಲೆ, ಎರಡು ಸುತ್ತು, ಸಂದಿಗೆ ಸಿಕ್ಕಿಸಿದರು, ಮುಗಿಯಿತು. ಕೂಸು ಒಮ್ಮೆ ಆಕಳಿಸಿ ಮಲಗಿತು. ಮೂರು ವಾರದಲ್ಲಿ ಮೊದಲ ಸಲ ನನಗೆ ಮಾಡಲು ಏನೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಕೊನೆಯ ಬೆಂಚಿನಲ್ಲಿ ಕೂತೆ. ಪಕ್ಕದಲ್ಲಿ ಚಾಚಾ. ಅಧ್ಯಕ್ಷೆ ಅವರನ್ನು ಹುಗ್ಗಿಯ ಊಟಕ್ಕೆ ಕರೆದಿದ್ದರು. ಅವರು ಬಂದದ್ದು ಮಾತ್ರ ಕಾಜಾ ನಿಂತಾವೋ ಇಲ್ಲವೋ ನೋಡಲು. ಹಾಡುವವರು ಎದ್ದು ನಿಂತಾಗ ಎರಡನೇ ಸಾಲಿನ ಹುಡುಗ ನಿಲುವಂಗಿಯ ಒಳಗೆ ಸ್ವೆಟರು ಹಾಕಿಕೊಂಡಿದ್ದು ಕಂಡಿತು. ಎದೆಯ ಗುಂಡಿ ಈಗಲೋ ಆಗಲೋ ಕಿತ್ತು ಹಾರುವ ಹಾಗಿತ್ತು. ಎದ್ದು ಹೋಗಿ ಕಿವಿ ಹಿಂಡಬೇಕು ಅನ್ನಿಸಿತು.

"ಬಿಡು. ಕಾಜಾ ನಿಲ್ತದ" ಅಂದರು ಚಾಚಾ ಮೆಲ್ಲಗೆ.

ಆ ಚಿಕ್ಕ ಬಾಣಂತಿ ಕೂಸನ್ನು ಎತ್ತಿಕೊಂಡು ನಡುವಿನ ದಾರಿಯಲ್ಲಿ ಬಂದಳು. ನಮ್ಮ ಬೆಂಚು ದಾಟುವಾಗ ಮಾಸಿದ ಹಸಿರು ಗೆರೆ, ನೀಲಿ ಗೆರೆ, ಅದರ ನಡುವೆ ನಿದ್ದೆಯ ಪುಟ್ಟ ಮುಖ. ಗೋದಲಿಯ ಹುಲ್ಲಿನ ಮೇಲೆ ಮಲಗಿಸಿದಳು. ಮೇಲೆ ಕಾಗದದ ನಕ್ಷತ್ರದೊಳಗೆ ಬಲ್ಬು ಹತ್ತಿತು. ನಾನು ಅತ್ತೆ. ಬಾಯಿಗೆ ಸೆರಗು ಒತ್ತಿಕೊಂಡು, ಚಿಕ್ಕವಳ ಹಾಗೆ ಬಿಕ್ಕಿ ಅತ್ತೆ. ಸಂತೋಷ ಸತ್ತಿರಲಿಲ್ಲ. ಪ್ರಸಂಗ ಪೂರ್ತಿ ಕೇಳಿದೆ, ಒಂದು ರೆಪ್ಪೆಯೂ ಮುಚ್ಚಲಿಲ್ಲ.

ಆರಾಧನೆ ಮುಗಿದು ಹೊರಗೆ ಬಂದರೆ ಚಳಿಗಾಳಿ. ಚಾಚಾರ ಕೈ ಅಭ್ಯಾಸದಂತೆ ಹೆಗಲಿಗೆ ಹೋಯಿತು, ಅಲ್ಲಿ ಏನೂ ಸಿಗದೆ ಕೆಳಗಿಳಿಯಿತು. ನನಗೆ ತಡೆಯಲಾಗಲಿಲ್ಲ.

"ನಿಲ್ರಿ ಚಾಚಾ. ರೂಪಕ ಮುಗೀತಲ್ಲ, ಅಜ್ಜಿಗಿ ಕೇಳಿ ನಿಮ್ಮ ವಸ್ತ್ರ ಇಸ್ಕೊಂಡ್ ಬಂದು, ಎರಡೂ ತುಂಡು ಕೂಡಿಸಿ ಹೊಲಿದು ಕೊಡ್ತೀನಿ."

ಅವರು ನನ್ನ ಮೊಳಕೈ ಹಿಡಿದು ನಿಲ್ಲಿಸಿದರು.

"ಕೂಸು ಹೊದ್ದು ಮಲಗ್ಯಾದ ಬೇಟಿ. ಎಬ್ಬಸಬ್ಯಾಡ."